ಪಕ್ಕದಲ್ಲಿ ನಿಂತವನ ಪಾಠಗಳು

ಪೋಸ್ಟರಿನಲ್ಲಿ ನನ್ನ ಹೆಸರು 'ಮತ್ತಿತರರು' ಎಂಬುದಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ. ತುಳು ನಾಟಕಗಳಲ್ಲಿ ನಾನು ನಾಯಕನ ಸೋದರಮಾವ, ಪಂಚಾಯತಿ ಸದಸ್ಯ, ಬೀಡಿ ಬ್ರಾಂಚಿನ ಧಣಿ. ಸಿನಿಮಾಗಳಲ್ಲಿ ಹೆಡ್ ಕಾನ್‌ಸ್ಟೇಬಲ್, ಶಾಲೆಯ ಜವಾನ, ಹೆಣ್ಣು ನೋಡಲು ಬಂದವರ ಪೈಕಿ ಉಂಡ್ಲಕಾಳು ತಿನ್ನುತ್ತಾ ಕೂತವನು. ಊರು ವಾಮದಪದವು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ನಾಟಕ ಮುಗಿಸಿ ಬೆಳಗಾಗುವ ಮೊದಲು ಬೈಕಿನಲ್ಲಿ ಮನೆ ಸೇರಬಹುದು. ಹಗಲಿಗೆ ಅಡಿಕೆ ತೋಟ ಉಂಟು.

2022ರಲ್ಲಿ 'ಕಾಂತಾರ', 2025ರಲ್ಲಿ 'ಸು ಫ್ರಮ್ ಸೋ' ಬಂದ ಮೇಲೆ ನಮ್ಮ ಕಡೆಯ ಹುಡುಗರು ದಾರಿಯಲ್ಲಿ ಸಿಕ್ಕಿದರೂ ಒಂದೇ ಮಾತು: "ಅಣ್ಣಾ, ನನಗೂ ಒಂದು ಚಾನ್ಸ್ ಕೊಡಿಸಿ." ಅವರು ಕೇಳುವುದರಲ್ಲಿ ತಪ್ಪಿಲ್ಲ. ಪ್ರಕಾಶ್ ತುಮಿನಾಡು, ದೀಪಕ್ ರೈ ಪಾಣಾಜೆ ಮುಂತಾದವರನ್ನು ಇಡೀ ರಾಜ್ಯ ಗುರುತಿಸುವಂತಾಯಿತಲ್ಲ, ಅವರೆಲ್ಲ ನಾಯಕನ ಪಕ್ಕ ನಿಂತೇ ಹೆಸರು ಮಾಡಿದವರು. ಚಾನ್ಸ್ ಕೊಡಿಸುವ ತಾಕತ್ತು ನನಗಿಲ್ಲ. ನಿಂತು ನಿಂತು ಕಲಿತದ್ದನ್ನು ಬರೆದು ಕೊಡಬಹುದು. ಎಲ್ಲ ಪಾಠಗಳ ಬುಡದಲ್ಲಿರುವುದು ಒಂದೇ ಸಂಗತಿ: ಎದುರಿನವನ ದೃಶ್ಯ ಗಟ್ಟಿಯಾಗಬೇಕು, ಪೋಷಕ ನಟನಿಗೆ ಸಂಭಾವನೆ ಕೊಡುವುದು ಅದಕ್ಕೆ.

1. ಎದುರಿನವನ ಮಾತನ್ನು ಮೊದಲು ಕಲಿಯಿರಿ

ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ಹೊಸಬರು ತಮ್ಮ ಮಾತುಗಳಿಗೆ ಗೆರೆ ಎಳೆಯುತ್ತಾರೆ. ಎಷ್ಟು ಗೆರೆ ಬಿತ್ತು ಎಂದು ಎಣಿಸಿ ಮುಖ ಸಣ್ಣ ಮಾಡುತ್ತಾರೆ. ನಾನು ಗೆರೆ ಎಳೆಯುವುದು ಎದುರಿನವನ ಮಾತಿಗೆ. ಅವನ ವಾಕ್ಯದ ಕೊನೆಯ ಎರಡು ಮೂರು ಪದ ನನಗೆ ನಿದ್ದೆಯಲ್ಲೂ ಗೊತ್ತಿರಬೇಕು. ಅವನು ಆ ಮಾತಾಡುವುದು ಏನು ಪಡೆಯಲಿಕ್ಕೆ ಎಂಬುದೂ ಗೊತ್ತಿರಬೇಕು. ಸಾಲ ಕೇಳಲು ಬಂದವನೋ, ಸುಳ್ಳು ಮುಚ್ಚಲು ಬಂದವನೋ ಎಂದು ತಿಳಿದರೆ ನಾನು ಸುಮ್ಮನೆ ಕೇಳಿಸಿಕೊಂಡರೂ ಅದು ನಟನೆಯಾಗುತ್ತದೆ.

ತುಳು ನಾಟಕದಲ್ಲಿ ಇದು ಇನ್ನಷ್ಟು ಅಗತ್ಯ. ನಮ್ಮ ಹಾಸ್ಯನಟರು ಬರೆದದ್ದನ್ನು ಬರೆದ ಹಾಗೆ ಹೇಳುವವರಲ್ಲ. ಸಿದ್ಧಕಟ್ಟೆಯಲ್ಲಿ ನಾಟಕವಾದರೆ ಅಲ್ಲಿಯ ರಸ್ತೆಯ ಹೊಂಡ ಮಾತಿನೊಳಗೆ ಬರುತ್ತದೆ. ಪುಂಜಾಲಕಟ್ಟೆಯಲ್ಲಾದರೆ ಎದುರು ಸಾಲಿನಲ್ಲಿ ಕೂತ ಸಂಘದ ಅಧ್ಯಕ್ಷರ ಶಾಲೂ ಬರುತ್ತದೆ. ಜನ ಬಿದ್ದು ಬಿದ್ದು ನಗುತ್ತಾರೆ. ಕತೆ ಮಾತ್ರ ಎಲ್ಲಿತ್ತೋ ಅಲ್ಲೇ ನಿಂತಿರುತ್ತದೆ. ಅದನ್ನು ಎತ್ತಿಕೊಂಡು ಮುಂದೆ ಹೋಗುವುದು ಪಕ್ಕದಲ್ಲಿ ನಿಂತವನ ಪಾಲಿನ ಕೆಲಸ.

ತಂಗಿಯ ಮದುವೆಗೆ ಸಾಲ ಕೇಳಲು ಬಂದ ನಾಯಕ ಹೊಂಡದ ಸುದ್ದಿಗೆ ಹೋದ ಎಂದಿಟ್ಟುಕೊಳ್ಳಿ. "ಅದಿರಲಿ, ಮದುವೆಯ ವಿಷಯ ಏನಾಯಿತು?" ಎಂದರೆ ನಗು ಸತ್ತು ಹೋಗುತ್ತದೆ, ಅವನಿಗೂ ಅವಮಾನ. "ಹೊಂಡ ಪಂಚಾಯತಿನವರು ಮುಚ್ಚುತ್ತಾರೆ ಮಾರಾಯಾ, ನಿನ್ನ ತಂಗಿಯ ಮದುವೆಯ ಹೊಂಡಕ್ಕೆ ಎಷ್ಟು ಬೇಕು ಹೇಳು" ಎಂದರೆ ನಗೆಯೂ ಉಳಿಯಿತು, ಕತೆಯೂ ಸಿಕ್ಕಿತು. ಅವನು ಯಾವ ಸಾಲಿನಿಂದ ಹೊರಟಿದ್ದ ಎಂಬುದು ನಮಗೆ ಬಾಯಿಪಾಠ ಇದ್ದರೆ ಮಾತ್ರ ಇದು ಸಾಧ್ಯ.

2. ನಗು ಇಳಿಯುವ ತನಕ ಕಾಯಿರಿ

ಮಂಗಳೂರಿನ ಪುರಭವನದಲ್ಲಿ ನಗು ಒಮ್ಮೆಗೇ ಎದ್ದು ಒಮ್ಮೆಗೇ ಇಳಿಯುತ್ತದೆ. ಶಾಲೆಯ ಮೈದಾನದಲ್ಲಿ, ಜಾತ್ರೆಯ ಗದ್ದೆಯಲ್ಲಿ ಹಾಗಲ್ಲ. ಮುಂದಿನ ಕುರ್ಚಿಗಳವರು ಮೊದಲು ನಗುತ್ತಾರೆ, ಹಿಂದೆ ಬೈಕಿನ ಮೇಲೆ ಕೂತವರಿಗೆ ಸ್ಪೀಕರಿನಿಂದ ಕೇಳಿ ಅರ್ಥವಾಗುವಾಗ ಸ್ವಲ್ಪ ತಡ. ಕಡಲೆ ಅಂಗಡಿಯ ಹತ್ತಿರ ನಿಂತವರದ್ದು ಕೊನೆಗೆ. ಮುಂದಿನವರ ನಗು ನಿಂತಿತೆಂದು ನೀವು ಬಾಯಿ ತೆರೆದರೆ ಹಿಂದಿನವರಿಗೆ ನಿಮ್ಮ ಮಾತು ಕೇಳುವುದಿಲ್ಲ. ಕೇಳದ ಮಾತಿಗೆ ಎದುರಿನವನು ಉತ್ತರ ಕೊಟ್ಟಾಗ ಅವನ ಮಾತೂ ಹಾಳು.

ನಗು ಪೂರ್ತಿ ನಿಂತ ಮೇಲೆ ಮಾತಾಡಿದರೂ ತಪ್ಪು, ಆಟ ತಣ್ಣಗಾಗುತ್ತದೆ. ನಗು ಅರ್ಧಕ್ಕೆ ಇಳಿದಾಗ ಉಸಿರು ತೆಗೆದುಕೊಳ್ಳಬೇಕು, ಇನ್ನೂ ಸ್ವಲ್ಪ ಇಳಿದಾಗ ಮಾತು ಹೊರಡಬೇಕು. ಆ ನಡುವಿನ ಹೊತ್ತು ಮುಖ ಖಾಲಿ ಬಿಡಬೇಡಿ. ಕೇಳಿದ ಮಾತು ಹೊಟ್ಟೆಗೆ ಇಳಿಯುತ್ತಿದೆ ಎಂದು ಕಣ್ಣಿನಲ್ಲಿ ಗೊತ್ತಾಗಬೇಕು. ಅನೇಕ ಸಲ ಎರಡನೆಯ ನಗು ಹುಟ್ಟುವುದು ಅಲ್ಲೇ. ಅದನ್ನು ಹುಟ್ಟಿಸಿದವನು ನೀವಾದರೂ ಜನ ಮನೆಗೆ ಹೋಗಿ ಹೇಳುವುದು ಹಾಸ್ಯನಟನ ಹೆಸರು. ಇದಕ್ಕೆ ಬೇಸರಪಡುವವರು ಈ ಕೆಲಸಕ್ಕೆ ಬರದಿರುವುದು ಒಳ್ಳೆಯದು.

3. ಮೈಕಿನ ಕೆಳಗಿನ ಜಾಗ ಬಿಟ್ಟುಕೊಡಿ

ಈಗ ದೊಡ್ಡ ತಂಡಗಳಲ್ಲಿ ಕಾಲರ್ ಮೈಕ್ ಬಂದಿದೆ. ಊರಿನ ಸಂಘಗಳ ನಾಟಕದಲ್ಲಿ ಇನ್ನೂ ವೇದಿಕೆಯ ಮೇಲಿಂದ ತೂಗುವ ಮೈಕುಗಳೇ. ಎರಡು ಮೈಕುಗಳ ನಡುವೆ ನಿಂತು ಆಡಿದ ಮಾತು ಗಾಳಿಗೆ. ಆದ್ದರಿಂದ ನಾಟಕ ಎಂದರೆ ಒಂದು ಬಗೆಯಲ್ಲಿ ಮೈಕಿನ ಕೆಳಗೆ ಬರುವ, ಅಲ್ಲಿಂದ ಸರಿಯುವ ಲೆಕ್ಕ.

ಮುಖ್ಯ ನಟ ಮಾತಾಡುತ್ತಾ ನಡೆದಾಡುತ್ತಾನೆ. ಅವನು ಯಾವ ಮೈಕಿನ ಕಡೆ ಹೊರಟ ಎಂದು ಮೊದಲ ಹೆಜ್ಜೆಯಲ್ಲೇ ಗೊತ್ತಾಗಬೇಕು. ಅಷ್ಟರಲ್ಲಿ ನಾವು ಅಲ್ಲಿಂದ ಸರಿದಿರಬೇಕು, ಸರಿದದ್ದು ಯಾರಿಗೂ ಕಾಣಬಾರದು. ಅದಕ್ಕೆ ನೆವ ಬೇಕು: ಕುರ್ಚಿಯ ಧೂಳು ಒರೆಸುವುದು, ಜಗಲಿಯ ಕಡೆ ಇಣುಕುವುದು, ಎಲೆಯಡಿಕೆ ಉಗಿಯಲು ಮೂಲೆಗೆ ಹೋಗುವುದು. ಪ್ರತಿ ವೇದಿಕೆಯಲ್ಲೂ ಆಟ ಶುರುವಾಗುವ ಮೊದಲು ಒಮ್ಮೆ ಮೇಲೆ ನೋಡಿ ಮೈಕುಗಳು ಎಲ್ಲೆಲ್ಲಿ ತೂಗುತ್ತಿವೆ ಎಂದು ಗುರುತಿಟ್ಟುಕೊಳ್ಳಿ. ಸೌಂಡಿನ ಹುಡುಗನ ಹತ್ತಿರ ಎರಡು ಮಾತಾಡಿ, ಚಾ ಕೊಡಿಸಿ. ಆ ರಾತ್ರಿ ನಿಮ್ಮ ಸ್ವರ ಅವನ ಕೈಯಲ್ಲಿದೆ.

4. ಕೈಗೆ ಒಂದು ಕೆಲಸ ಕೊಡಿ

ಸಣ್ಣ ಪಾತ್ರಕ್ಕೆ ಹಿಂದು ಮುಂದು ಇರುವುದಿಲ್ಲ. ಅವನ ಹೆಂಡತಿ ಯಾರು, ಸಾಲ ಎಷ್ಟು ಎಂದು ಬರೆದವರೂ ಯೋಚಿಸಿರುವುದಿಲ್ಲ. ಬಂದ, ಮೂರು ಮಾತಾಡಿದ, ಹೋದ. ಅಷ್ಟರಲ್ಲಿ ಇವನು ಬದುಕಿರುವ ಮನುಷ್ಯ ಎಂದು ಜನ ನಂಬಬೇಕಾದರೆ ಅವನ ಕೈ ಏನೋ ಮಾಡುತ್ತಿರಬೇಕು.

ಬೀಡಿ ಬ್ರಾಂಚಿನವನ ಪಾತ್ರ ಸಿಕ್ಕಿದಾಗ ನಾನು ನಮ್ಮ ಪೇಟೆಯ ಬ್ರಾಂಚಿನ ಜಗಲಿಯಲ್ಲಿ ಹೋಗಿ ಕೂತೆ. ಬೀಡಿ ಪರಿಶೀಲಿಸುವವರು ಕಟ್ಟನ್ನು ಎಡಗೈಯಲ್ಲಿ ಹಿಡಿದು ಅದರ ತಲೆಯನ್ನು ಬಲ ಅಂಗೈಗೆ ಒಮ್ಮೆ ತಟ್ಟುತ್ತಾರೆ. ಹೆಬ್ಬೆರಳು ಸಾಲಿನ ಮೇಲೆ ಜಾರುತ್ತದೆ, ಒಂದು ಕಡೆ ನಿಲ್ಲುತ್ತದೆ. ಆ ಬೀಡಿಯನ್ನು ಎಳೆದು ಬೆರಳ ನಡುವೆ ಹಿಸುಕಿ, ಹೊಗೆಸೊಪ್ಪು ಉದುರುವ ಹಾಗೆ ಬದಿಗೆ ಹಾಕುತ್ತಾರೆ. ಇಷ್ಟರಲ್ಲಿ ಕಣ್ಣು ಎದುರು ನಿಂತ ಹೆಂಗಸಿನ ಮುಖಕ್ಕೆ ಒಮ್ಮೆಯೂ ಏರುವುದಿಲ್ಲ. ಆ ಹೆಂಗಸು ಮಾತ್ರ ಅವರ ಹೆಬ್ಬೆರಳನ್ನೇ ನೋಡುತ್ತಿರುತ್ತಾಳೆ. ವಾರದ ಲೆಕ್ಕದಲ್ಲಿ ಎಷ್ಟು ಕಡಿತ ಎಂದು ತೀರ್ಮಾನವಾಗುವುದು ಆ ಬೆರಳಿನಿಂದ.

ನಾಟಕದಲ್ಲಿ ನನಗಿದ್ದ ಮಾತು "ಈ ವಾರ ಎಲೆ ಕಡಿಮೆ" ಎಂಬುದು. ಬರೆದವರು ಅದನ್ನು ಗದರಿ ಹೇಳಬೇಕೆಂದು ಸೂಚಿಸಿದ್ದರು. ನಾನು ಕಟ್ಟು ತಟ್ಟಿ, ಒಂದು ಬೀಡಿ ಎಳೆದು ಹಿಸುಕಿ, ತಲೆಯೆತ್ತದೆ ಸಣ್ಣ ಸ್ವರದಲ್ಲಿ ಹೇಳಿದೆ. ಎದುರು ನಿಂತ ನಟಿ ಗದರಿಕೆಗೆ ಅಳಲು ತಯಾರಾಗಿದ್ದವಳು, ನನ್ನ ಬೆರಳು ನೋಡಿ ಸೆರಗು ಬಿಗಿ ಹಿಡಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಬೀಡಿ ಕಟ್ಟುವ ತಾಯಂದಿರು ಏನೂ ಮಾತಾಡಲಿಲ್ಲ. ದೃಶ್ಯ ಆ ನಟಿಯದ್ದಾಯಿತು. ಆಗಬೇಕಾದದ್ದೂ ಅದೇ.

ಕನ್ನಡ ಸಿನಿಮಾದಲ್ಲಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ 1974ರ 'ಭೂತಯ್ಯನ ಮಗ ಅಯ್ಯು' ಚಿತ್ರದಲ್ಲಿ ಲೋಕನಾಥ್ ಉಪ್ಪಿನಕಾಯಿ ತಿನ್ನುವ ದೃಶ್ಯ. ಜನ ಅವರನ್ನು 'ಉಪ್ಪಿನಕಾಯಿ ಲೋಕನಾಥ್' ಎಂದೂ ಕರೆದರು. ರಂಗಭೂಮಿಯಿಂದ ಬಂದು 1970ರ 'ಸಂಸ್ಕಾರ'ದಿಂದ ಚಿತ್ರಗಳಲ್ಲಿ ಕಾಣಿಸಿಕೊಂಡವರು ಅವರು. ತಿನ್ನುವುದನ್ನು ತಿನ್ನುವುದಾಗಿಯೇ ಮಾಡಿದ್ದಕ್ಕೆ ಆ ದೃಶ್ಯ ಐವತ್ತು ವರ್ಷ ಉಳಿದಿದೆ.

5. ಯಕ್ಷಗಾನದ ಚೌಕಿಯಲ್ಲಿ ಒಂದು ರಾತ್ರಿ ಕೂತುಕೊಳ್ಳಿ

ನಟನೆಯ ಶಾಲೆ ದೂರ ಉಂಟು ಎಂದು ಕೊರಗುವವರಿಗೆ ನಾನು ಹೇಳುವುದಿಷ್ಟೆ: ದೀಪಾವಳಿ ಕಳೆದ ಮೇಲಿನಿಂದ ಮಳೆಗಾಲದ ಮುಂಚಿನ ಪತ್ತನಾಜೆಯ ತನಕ ನಮ್ಮ ಸುತ್ತಮುತ್ತ ಎಲ್ಲಾದರೊಂದು ಕಡೆ ಆಟ ಇರುತ್ತದೆ. ಕಟೀಲಿನ ಮೇಳ, ಧರ್ಮಸ್ಥಳದ ಮೇಳ ಬಂದಾಗ ಎದುರಿನ ಕುರ್ಚಿ ಬಿಟ್ಟು ವೇಷ ಕಟ್ಟುವ ಚೌಕಿಗೆ ಹೋಗಿ. ಕೋಡಂಗಿ, ಬಾಲಗೋಪಾಲ ಕಟ್ಟುವ ಹುಡುಗ ಎಷ್ಟು ಬೇಗ ಬಂದು ಕೂತಿದ್ದಾನೆ ನೋಡಿ. ಪ್ರೇಕ್ಷಕರು ಇನ್ನೂ ಸೇರಿರುವುದಿಲ್ಲ, ಅವನ ಕುಣಿತಕ್ಕೆ ಚಪ್ಪಾಳೆಯೂ ಇಲ್ಲ. ಆದರೂ ತಾಳ ತಪ್ಪಿದರೆ ಭಾಗವತರು ಬಿಡುವುದಿಲ್ಲ. ದೊಡ್ಡ ಕಿರೀಟ ವೇಷದವರು ಬಹಳಷ್ಟು ಜನ ಹತ್ತಿ ಬಂದ ಮೆಟ್ಟಿಲು ಅದು.

ಇನ್ನೊಂದು ಕಲಿಯಬೇಕಾದದ್ದು ಹಾಸ್ಯಗಾರರಿಂದ. ಅವರಿಗೆ ಒಂದೇ ರಾತ್ರಿ ದೂತ, ಬ್ರಾಹ್ಮಣ, ಬಾಗಿಲು ಕಾಯುವವ, ಮುದುಕಿ ಹೀಗೆ ಒಂದರ ಹಿಂದೆ ಒಂದು ವೇಷ. ಬಣ್ಣ ಒರೆಸಿ ಪೂರ್ತಿ ಬದಲಾಯಿಸುವಷ್ಟು ಹೊತ್ತು ಇರುವುದಿಲ್ಲ. ಬಂಟ್ವಾಳ ಜಯರಾಮ ಆಚಾರ್ಯರಂಥ ಹಾಸ್ಯಗಾರರ ವೇಷಗಳನ್ನು ನೋಡಿ ಬೆಳೆದವರಿಗೆ ಗೊತ್ತು, ನಡಿಗೆಯೊಂದು ಬದಲಾದರೆ ಮನುಷ್ಯನೇ ಬದಲಾಗುತ್ತಾನೆ. ನಾಟಕದಲ್ಲಿ ಒಬ್ಬನೇ ಎರಡು ಮೂರು ಸಣ್ಣ ಪಾತ್ರ ಮಾಡಬೇಕಾದಾಗ ನಾನು ಮೀಸೆ, ಟೊಪ್ಪಿ ಹುಡುಕುವ ಮೊದಲು ಪಾದ ಹೇಗೆ ಊರಬೇಕು ಎಂದು ಹುಡುಕುತ್ತೇನೆ. ಗದ್ದೆಯಲ್ಲಿ ನಡೆದವನ ಪಾದ ಅಗಲಕ್ಕೆ ಬೀಳುತ್ತದೆ, ಕಚೇರಿಯ ಜವಾನನ ಹೆಜ್ಜೆಗೆ ಸದ್ದೇ ಇಲ್ಲ.

6. ಕ್ಯಾಮೆರಾಕ್ಕೆ ಬೆನ್ನು ಹಾಕಿದಾಗಲೂ ಪೂರ್ತಿ ನಟಿಸಿ

ಸೆಟ್ಟಿಗೆ ಹೋದ ನಾಟಕದವರಿಗೆ ಮೊದಲು ಸಿಗುವ ಬೈಗುಳ "ಸಾರ್, ಸ್ವಲ್ಪ ಕಮ್ಮಿ ಮಾಡಿ". ಕೊನೆಯ ಸಾಲಿನ ತನಕ ತಲುಪಿಸಿ ಅಭ್ಯಾಸವಾದ ಹುಬ್ಬು, ಕೈ, ಸ್ವರ ಅಲ್ಲಿ ಹೆಚ್ಚಾಗುತ್ತದೆ. ಕ್ಯಾಮೆರಾದವರ ಹತ್ತಿರ ನಾಚಿಕೆ ಬಿಟ್ಟು "ನಾನು ಎಲ್ಲಿಯ ತನಕ ಕಾಣುತ್ತೇನೆ?" ಎಂದು ಕೇಳಿ. ಎದೆಯ ತನಕ ಎಂದರೆ ಕೈಯ ಕೆಲಸ ಯಾರಿಗೂ ಕಾಣದು, ಕಣ್ಣಿಗೆ ಜವಾಬ್ದಾರಿ ಹೆಚ್ಚು. ಪೂರ್ತಿ ದೇಹ ಎಂದರೆ ಮುಖ ಕಿವುಚಿ ಪ್ರಯೋಜನವಿಲ್ಲ, ನಿಂತ ಭಂಗಿಯೇ ಮಾತಾಡಬೇಕು.

ಕಂಟಿನ್ಯುಟಿ ನೋಡಿಕೊಳ್ಳಲು ಸಹಾಯಕ ನಿರ್ದೇಶಕರಿದ್ದಾರೆ ಎಂದು ಮೈಮರೆಯಬೇಡಿ. ಚಾದ ಗ್ಲಾಸು ಯಾವ ಕೈಯಲ್ಲಿತ್ತು, ಯಾವ ಪದಕ್ಕೆ ಕೂತೆ, ಬೈರಾಸು ಯಾವ ಹೆಗಲಿನಲ್ಲಿತ್ತು ಎಂಬುದು ನಿಮ್ಮ ತಲೆಯಲ್ಲಿರಲಿ. ನಾಯಕನ ಒಳ್ಳೆಯ ಟೇಕೊಂದು ಸಂಕಲನದ ಮೇಜಿನ ಮೇಲೆ ಬಿದ್ದುಹೋಗುವುದು ಪಕ್ಕದವನ ಗ್ಲಾಸಿನಿಂದಲೂ ಆಗಬಹುದು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ನಾಯಕನ ಕ್ಲೋಸಪ್ಪಿನ ಹೊತ್ತಿಗೆ. ಸಜೆಷನ್ ಶಾಟಿನಲ್ಲಿ ನಮ್ಮ ಹೆಗಲು ಮಾತ್ರ ಕಾಣುತ್ತದೆ, ಕೆಲವೊಮ್ಮೆ ಅದೂ ಇಲ್ಲ, ನಾವು ಕ್ಯಾಮೆರಾದ ಪಕ್ಕ ನಿಂತು ಮಾತು ಕೊಡಬೇಕು. ಅನೇಕರು ಆಗ ಮೊಬೈಲ್ ನೋಡುತ್ತಾ ಮಾತು ಎಸೆಯುತ್ತಾರೆ. ಎದುರಿನವನು ಗೋಡೆಗೆ ನಟಿಸಬೇಕಾಗುತ್ತದೆ. ನನ್ನ ಕಡೆಯ ಶಾಟಿನಲ್ಲಿ ಕೊಟ್ಟ ಸಿಟ್ಟನ್ನೇ, ಕಣ್ಣೀರನ್ನೇ ಅಲ್ಲೂ ಕೊಡುತ್ತೇನೆ. ಅದು ತೆರೆಯ ಮೇಲೆ ಬರುವುದು ಅವನ ಮುಖದಲ್ಲಿ. ಮುಂದಿನ ಸಿನಿಮಾಕ್ಕೆ ಪಾತ್ರ ಹಂಚುವಾಗ "ಆ ವಾಮದಪದವಿನವರು ಇರಲಿ" ಎಂದು ಒಬ್ಬ ನಾಯಕ ಹೇಳುವುದಿದ್ದರೆ ಇಂಥ ಕಾರಣಕ್ಕೇ ಹೇಳುತ್ತಾನೆ.

7. ಇರುವ ಮುಖ, ಇರುವ ಸ್ವರ ಸಾಕು

ನಾಯಕನಾಗುವವನು ಜಿಮ್ಮಿಗೆ ಹೋಗಲಿ. ನಮ್ಮನ್ನು ಕರೆಯುವುದು ನಮ್ಮ ಬೋಳು ತಲೆಗೆ, ಉಬ್ಬು ಹಲ್ಲಿಗೆ, ಒಡಕು ಸ್ವರಕ್ಕೆ. ಸ್ಪೇನಿನಲ್ಲಿ ಪೆಪೆ ಇಸ್ಬರ್ಟ್ ಎಂಬ ನಟನಿದ್ದ. ನಾಟಕದಿಂದ ಬಂದವನು, ಕುಳ್ಳ, ಗರಗಸದಂಥ ಸ್ವರ. ಲೂಯಿಸ್ ಗಾರ್ಸಿಯಾ ಬೆರ್ಲಾಂಗಾ 1953ರಲ್ಲಿ ಮಾಡಿದ ಚಿತ್ರದಲ್ಲಿ ಅವನು ಕಿವಿ ಸರಿಯಾಗಿ ಕೇಳಿಸದ ಹಳ್ಳಿಯ ಮೇಯರ್. ಅಮೆರಿಕದವರು ಬಂದು ದುಡ್ಡು ಸುರಿಯುತ್ತಾರೆಂದು ಇಡೀ ಊರನ್ನು ಸಿಂಗರಿಸುವ ಕತೆ ಅದು. ಅದೇ ನಿರ್ದೇಶಕ 1963ರಲ್ಲಿ ಮಾಡಿದ ಇನ್ನೊಂದು ಚಿತ್ರದಲ್ಲಿ ಮರಣದಂಡನೆ ಜಾರಿ ಮಾಡುವ ಸರ್ಕಾರಿ ನೌಕರ, ನಿವೃತ್ತಿಗೆ ಬಂದವನು, ಆ ಕೆಲಸಕ್ಕೆ ಅಳಿಯನನ್ನು ತಂದು ಹಾಕುವವನು. ಕೆಲಸ ಎಷ್ಟು ಭಯಂಕರವೋ ಆ ಮುದುಕ ಅಷ್ಟೇ ಸಾಮಾನ್ಯ. ಒಂದು ಪಿಂಚಣಿ, ಒಂದು ಮನೆ ಅವನ ಚಿಂತೆ. ಸುಂದರ ಸ್ವರದ ನಟ ಆ ಪಾತ್ರ ಮಾಡಿದ್ದರೆ ಜನ ಹೆದರುತ್ತಿದ್ದರು, ಇಸ್ಬರ್ಟ್ ಮಾಡಿದ್ದಕ್ಕೆ ನಕ್ಕರು, ಆಮೇಲೆ ನಕ್ಕದ್ದಕ್ಕೆ ಕಸಿವಿಸಿಪಟ್ಟರು.

ನಮ್ಮ ಊರಿನ ಬಸ್ಸಿನಲ್ಲಿ ಕಾಣುವ ಹತ್ತು ಮುಖಗಳಲ್ಲಿ ಒಂದು ನಿಮ್ಮದಾಗಿದ್ದರೆ ಅದನ್ನು ಹಾಗೇ ಇಟ್ಟುಕೊಳ್ಳಿ. ಕೂದಲಿಗೆ ಬಣ್ಣ ಹಚ್ಚುವ ಮೊದಲು ಒಪ್ಪಿದ ಪಾತ್ರ ಯಾವುದೆಂದು ನೆನಪಿಸಿಕೊಳ್ಳಿ.

8. ನಮ್ಮ ಕನ್ನಡವನ್ನು ಆಡಿ, ಅಣಕಿಸಬೇಡಿ

ಬಹಳ ಕಾಲ ಕನ್ನಡ ಸಿನಿಮಾದಲ್ಲಿ ಕರಾವಳಿಯವನೆಂದರೆ ಹೋಟೆಲಿನ ಭಟ್ಟರು, ಅವರ ಬಾಯಲ್ಲಿ ಎಳೆದೆಳೆದು ಆಡುವ ಒಂದು ಬಗೆಯ ಕನ್ನಡ. ಈಗ ಹಾಗಿಲ್ಲ. 2017ರ 'ಒಂದು ಮೊಟ್ಟೆಯ ಕಥೆ', 2018ರ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಬಂದ ಮೇಲೆ ಆ ಮಾತಿನ ಧಾಟಿ ಬೆಂಗಳೂರು, ಹುಬ್ಬಳ್ಳಿಯವರ ಕಿವಿಗೂ ಪರಿಚಯವಾಯಿತು. ಆ ಎರಡನೆಯ ಚಿತ್ರದಲ್ಲಿ ಪ್ರಕಾಶ್ ತುಮಿನಾಡು ಭುಜಂಗನ ಪಾತ್ರದಲ್ಲಿ ಆಡಿದ್ದು ಅಂಥ ಕನ್ನಡ.

ಹಾಗೆಂದು ಸೆಟ್ಟಿನಲ್ಲಿ "ಸಾರ್, ಮಂಗಳೂರು ಕನ್ನಡ ಹೊಡೀರಿ" ಎಂದ ಕೂಡಲೇ ವಾಕ್ಯಕ್ಕೊಂದು 'ಮಾರಾಯ' ತುರುಕಿದರೆ ಅದು ನಮ್ಮದೇ ಅಣಕ. ನಮ್ಮಲ್ಲಿ ಹೆಚ್ಚಿನವರ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಕನ್ನಡ ಶಾಲೆಯಿಂದ, ಯಕ್ಷಗಾನದಿಂದ, ಪೇಪರಿನಿಂದ ಬಂದದ್ದು. ಅದಕ್ಕೇ ವಾಕ್ಯ ಪೂರ್ತಿಯಾಗಿರುತ್ತದೆ, ಕ್ರಿಯಾಪದ ನುಂಗಿ ಹೋಗುವುದಿಲ್ಲ, ಸಿಟ್ಟಿನಲ್ಲೂ ವ್ಯಾಕರಣ ಇರುತ್ತದೆ. "ನಿನಗೆ ಎಂತ ಆದದ್ದು? ಕೇಳಿದರೆ ಹೇಳಬೇಕಲ್ಲ?" ಎಂದು ಒಬ್ಬ ಅಪ್ಪ ಮಗನನ್ನು ಮುಂದೆ ಸರಿಯಾಗಿ ನಿಲ್ಲಿಸಿ ಕೇಳಿದರೆ ಸಾಕು, ಗಟ್ಟಿ ಮಾಡುವುದು ಬೇಡ. ಆ ನೇರತನದಲ್ಲೇ ನಗೆ ಉಂಟು, ಸಂಕಟವೂ ಉಂಟು. ಬೆಂಗಳೂರಿನವರು ಬರೆದ ಸಂಭಾಷಣೆ ಬಾಯಿಗೆ ಕೂರದಿದ್ದರೆ ಒಂದು ದಿನ ಮೊದಲೇ ಬರೆದವರಿಗೆ ಫೋನ್ ಮಾಡಿ ಕೇಳಿ ಬದಲಾಯಿಸಿಕೊಳ್ಳಿ. ಟೇಕಿನ ಮಧ್ಯೆ ಬದಲಾಯಿಸಿದರೆ ಎದುರಿನವನಿಗೆ ಎಳೆ ತಪ್ಪುತ್ತದೆ.

9. ದುಡ್ಡಿನ ಮಾತು ಮೊದಲೇ ಆಗಲಿ

ನಾಟಕದ ಸಂಭಾವನೆ ಆ ರಾತ್ರಿಯೇ ಕೈಗೆ ಬರುತ್ತದೆ, ಅದು ಅದರ ದೊಡ್ಡ ಗುಣ. ಆದರೆ ಮಳೆಗಾಲದಲ್ಲಿ ನಾಟಕವಿಲ್ಲ. ಮೇ ಕಳೆದ ಮೇಲೆ ಬಯಲು ವೇದಿಕೆಗಳು ಮುಚ್ಚುತ್ತವೆ. ಅದೇ ಹೊತ್ತಿಗೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಖರ್ಚು, ಮಕ್ಕಳ ಶಾಲೆಯ ಖರ್ಚು ಒಟ್ಟಿಗೆ ಬರುತ್ತದೆ. ನನಗೆ ಗೊತ್ತಿರುವ ಪೋಷಕ ನಟರಲ್ಲಿ ನೆಮ್ಮದಿಯಲ್ಲಿರುವವರೆಲ್ಲ ಇನ್ನೊಂದು ಕೆಲಸ ಬಿಡದವರು: ತೋಟ, ಟೈಲರಿಂಗ್, ರಿಕ್ಷಾ, ಪಿಗ್ಮಿ ಸಂಗ್ರಹ. ಒಂದು ಸಿನಿಮಾ ಓಡಿತೆಂದು ರಿಕ್ಷಾ ಮಾರಬೇಡಿ.

ಸಿನಿಮಾದಲ್ಲಿ ನಾಲ್ಕು ವಿಷಯ ಮೊದಲೇ ಕೇಳಿ. ದಿನದ ಲೆಕ್ಕವೋ ಒಟ್ಟು ಲೆಕ್ಕವೋ? ಶೆಡ್ಯೂಲ್ ಮುಂದೆ ಹೋದರೆ ಹೆಚ್ಚುವರಿ ಉಂಟೋ? ಓಡಾಟ, ವಸತಿ ಯಾರದ್ದು? ಡಬ್ಬಿಂಗ್ ಇದರೊಳಗೆ ಸೇರಿದೆಯೋ? ಉತ್ತರವನ್ನು ವಾಟ್ಸ್ಯಾಪಿನಲ್ಲಿ ಬರೆಸಿಕೊಳ್ಳಿ. ಬಾಕಿ ಕೇಳಲು ಸರಿಯಾದ ಹೊತ್ತು ಡಬ್ಬಿಂಗಿನ ಮುಂಚಿನ ದಿನ. ನಿಮ್ಮ ಸ್ವರ ಅವರಿಗೆ ಬೇಕಾಗಿರುವ ಕೊನೆಯ ದಿನ ಅದು. ಒಂದು ಚಿತ್ರಕ್ಕೆ ನಾನು ಸ್ವರ ಕೊಟ್ಟು ಬಂದ ಮೇಲೆ ಮ್ಯಾನೇಜರಿನ ಫೋನು ಸ್ವಿಚ್ ಆಫ್ ಆಯಿತು, ಚಿತ್ರವೂ ತೆರೆ ಕಾಣಲಿಲ್ಲ. ಅಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ. ಕೇಳುವಾಗ ಜಗಳ ಬೇಡ, ಸಂಕೋಚವೂ ಬೇಡ. ತಾರೀಕು ಹೇಳಿ, ಮೊತ್ತ ಹೇಳಿ, ಸುಮ್ಮನಾಗಿ.

10. ದೊಡ್ಡ ಪಾತ್ರ ಬಂದರೆ ಮಾಡಿ, ಮತ್ತೆ ಪಕ್ಕಕ್ಕೆ ಬನ್ನಿ

ನಮ್ಮ ಪಕ್ಕದ ಮೂಡುಬಿದಿರೆಯಲ್ಲಿ ಹುಟ್ಟಿದ ಎಂ. ವಿ. ವಾಸುದೇವ ರಾಯರ ಹೆಸರು ಈಗಿನ ಹುಡುಗರಿಗೆ ಗೊತ್ತಿಲ್ಲ. ನಾಟಕದಿಂದ ಸಿನಿಮಾಕ್ಕೆ ಹೋದವರು, ವರ್ಷಗಟ್ಟಲೆ ಸಣ್ಣ ಪುಟ್ಟ ಪಾತ್ರಗಳಲ್ಲಿ ಬಂದು ಹೋದವರು. ಅವರಿಗೆ ಐವತ್ತು ದಾಟಿದ ಮೇಲೆ ನಮ್ಮ ಬಂಟ್ವಾಳದವರೇ, ಮಂಚಿಯ ಬಾಬುಕೋಡಿಯ ಬಿ. ವಿ. ಕಾರಂತರು, ಒಂದು ಪಾತ್ರ ಕೊಟ್ಟರು. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಆಧರಿಸಿದ 'ಚೋಮನ ದುಡಿ'ಯ ಚೋಮ. 1975ರ ಆ ಚಿತ್ರಕ್ಕೆ ಸ್ವರ್ಣಕಮಲ ಬಂತು, ವಾಸುದೇವ ರಾಯರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಕನ್ನಡದ ನಟನೊಬ್ಬನಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಪೋಷಕ ನಟನಿಗೆ ಪ್ರತ್ಯೇಕ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಆಗ ಇರಲೂ ಇಲ್ಲ, ಅದು ಶುರುವಾದದ್ದು 1984ರ ಚಿತ್ರಗಳಿಂದ.

ಚೋಮನನ್ನು ಇನ್ನೊಮ್ಮೆ ನೋಡಿ. ಎತ್ತು ಇದ್ದೂ ಉಳಲು ತುಂಡು ಭೂಮಿ ಸಿಗದ ಆ ಮುದುಕ ಧಣಿಯ ಎದುರು ನಿಲ್ಲುವಾಗ ದೇಹ ಅರ್ಧ ಆಗುತ್ತದೆ. ಮಗಳು ಬೆಳ್ಳಿಯ ಎದುರು ಬೇರೆಯೇ ಮನುಷ್ಯ. ಜೀವನವಿಡೀ ಬೇರೆಯವರ ದೃಶ್ಯದಲ್ಲಿ ನಿಂತು ಕೇಳಿಸಿಕೊಂಡವರಿಗೆ ಮಾತ್ರ ಹಾಗೆ ನಿಲ್ಲಲು ಬರುತ್ತದೆ ಎಂದು ನನ್ನ ನಂಬಿಕೆ. ಪದ್ಮಾ ಕುಮಟಾ ಮಾಡಿದ ಬೆಳ್ಳಿ ಅಷ್ಟು ಮನಸ್ಸಿಗೆ ತಟ್ಟುವುದಕ್ಕೂ ಎದುರಿಗಿರುವ ಚೋಮ ಕೇಳಿಸಿಕೊಳ್ಳುವ ರೀತಿಯೇ ಕಾರಣ. ನಾಯಕ ಪಾತ್ರದಲ್ಲೂ ಅವರು ಪೋಷಕ ನಟನ ಕೆಲಸ ಬಿಡಲಿಲ್ಲ.

ಆಮೇಲೆ ಏನಾಯಿತು ಎಂಬುದು ನನಗೆ ಇನ್ನೂ ದೊಡ್ಡ ಪಾಠ. 1977ರಲ್ಲಿ ಮೃಣಾಲ್ ಸೇನ್ ಪ್ರೇಮಚಂದರ 'ಕಫನ್' ಕತೆಯನ್ನು ತೆಲುಗಿನಲ್ಲಿ 'ಒಕ ಊರಿ ಕಥಾ' ಎಂದು ಮಾಡಿದಾಗ ಅದರಲ್ಲಿ ಮುದಿ ತಂದೆ ವೆಂಕಯ್ಯ ಇವರೇ. ಬಂಗಾಳಿ ನಿರ್ದೇಶಕ, ಉತ್ತರದ ಕತೆ, ತೆಲುಗು ಮಾತು, ಮೂಡುಬಿದಿರೆಯ ನಟ. ಹತ್ತು ವರ್ಷ ಕಳೆದು 1987ರಲ್ಲಿ ಮಣಿರತ್ನಂ 'ನಾಯಕನ್' ಮಾಡಿದರು. ಧಾರಾವಿಯಲ್ಲಿ ಅನಾಥ ಹುಡುಗ ವೇಲುವನ್ನು ಸಾಕುವ ಹುಸೇನ್ ಭಾಯಿ, ಪೊಲೀಸ್ ಲಾಕಪ್ಪಿನಲ್ಲಿ ಸಾಯುವವನು, ನಮ್ಮ ವಾಸುದೇವ ರಾಯರು. ಪಾತ್ರ ಚಿತ್ರದ ಮೊದಲ ಭಾಗದಲ್ಲೇ ಮುಗಿಯುತ್ತದೆ. ಆದರೆ ಆ ಸಾವಿಲ್ಲದೆ ವೇಲು ನಾಯಕನಾಗುವುದಿಲ್ಲ. ಆ ಚಿತ್ರಕ್ಕೆ ಕಮಲ ಹಾಸನ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂತು. ಅದೇ ಪ್ರಶಸ್ತಿಯನ್ನು ಹನ್ನೆರಡು ವರ್ಷದ ಹಿಂದಿನ ಚಿತ್ರಕ್ಕೆ ಪಡೆದವರು ಸ್ವಲ್ಪ ಹೊತ್ತಿನ ಪಾತ್ರಕ್ಕೆ ಬಂದು, ಎದುರಿನವನ ಕತೆಗೆ ಬುನಾದಿ ಹಾಕಿ ಹೋದರು. 2002ರಲ್ಲಿ ತೀರಿಕೊಳ್ಳುವಾಗ ಅವರ ಬೆನ್ನಿಗೆ ನೂರಾರು ಚಿತ್ರಗಳಿದ್ದವು, ನಾಯಕನಾಗಿ ನೆನಪಿರುವುದು ಬೆರಳೆಣಿಕೆಯಷ್ಟು.

ಉಮಾಶ್ರೀ ಅವರನ್ನೂ ಬಹಳ ವರ್ಷ ಜನ ನೋಡಿದ್ದು ಹಾಸ್ಯದ ಪಾತ್ರಗಳಲ್ಲಿ. 2008ರ 'ಗುಲಾಬಿ ಟಾಕೀಸ್' ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ತಂದಿತು. ಅಂದರೆ ದೊಡ್ಡ ಪಾತ್ರ ಯಾವಾಗ ಬರುತ್ತದೆಂದು ಹೇಳಲಾಗದು, ಬಾರದೆಯೂ ಇರಬಹುದು. ಅದು ಬಂದಾಗ ನಾವು ಬಳಸುವುದು ಸಣ್ಣ ಪಾತ್ರಗಳಲ್ಲಿ ಕೂಡಿಟ್ಟದ್ದನ್ನೇ. ಅದು ಮುಗಿದ ಮೇಲೆ "ಇನ್ನು ನಾನು ಎರಡು ಸೀನಿನ ಪಾತ್ರ ಮಾಡುವುದಿಲ್ಲ" ಎಂದು ಮನೆಯಲ್ಲಿ ಕೂತವರನ್ನೂ ನಾನು ಕಂಡಿದ್ದೇನೆ. ಅವರು ಈಗಲೂ ಕೂತೇ ಇದ್ದಾರೆ.

11. ಫೋನ್ ಬಂದಾಗ ಕೇಳಬೇಕಾದ ಪ್ರಶ್ನೆ

"ಎಷ್ಟು ಸೀನು ಉಂಟು?" ಎಂಬುದು ಕೊನೆಗೆ ಇರಲಿ. ಮೊದಲು ತಾರೀಕು ಕೇಳಿ, ಒಪ್ಪಿಕೊಂಡ ನಾಟಕದ ದಿನಕ್ಕೆ ಡಿಕ್ಕಿಯಾಗುವುದಾದರೆ ಎಷ್ಟು ದೊಡ್ಡ ಸಿನಿಮಾ ಆದರೂ ಆ ದಿನ ಆಗುವುದಿಲ್ಲ ಎಂದು ಹೇಳಿ. ಕೈಕೊಟ್ಟವನ ಸುದ್ದಿ ಬಂಟ್ವಾಳದಿಂದ ಕಾಸರಗೋಡಿಗೆ ಮರುದಿನವೇ ತಲುಪುತ್ತದೆ. ಆಮೇಲೆ ಕೇಳಿ: "ನನ್ನ ಎದುರಿಗೆ ಯಾರು?" ಹೆಸರು ಗೊತ್ತಾದ ರಾತ್ರಿಯೇ ಅವರ ನಾಲ್ಕು ದೃಶ್ಯ ಮೊಬೈಲಿನಲ್ಲಿ ಹಾಕಿ ನೋಡಿ. ಮಾತಿನ ನಡುವೆ ಎಲ್ಲಿ ಉಸಿರು ತೆಗೆಯುತ್ತಾರೆ, ಸಿಟ್ಟು ಬಂದಾಗ ಮುಂದೆ ಬರುತ್ತಾರೋ ಹಿಂದೆ ಸರಿಯುತ್ತಾರೋ, ಬರೆದ ಸಾಲಿಗೆ ಎಷ್ಟು ಸೇರಿಸುತ್ತಾರೆ ಎಂದು ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ನಿಮ್ಮ ಮೂರು ಮಾತು ಹೇಗೆ ಹೇಳಬೇಕೆಂಬುದು ಆ ಕಾಗದದಲ್ಲೇ ಸಿಗುತ್ತದೆ.